ದ್ರಾಕ್ಷಿ ಚಪ್ಪರದ ತಂತಿಗೆ ಜೋತುಬಿದ್ದಿರುವ ಮೋತ್ಯಾನ ಪರವಾಗಿ

ಮಾನ್ಯ ಪಶುವೈದ್ಯಾಧಿಕಾರಿಗಳೇ,

ತಮ್ಮ ದವಾಖಾನೆಯಲ್ಲಿ ನಾಯಿಯನ್ನು ಬದುಕಿಸುವ ಔಷಧಿಗೆ ಅಪ್ಪಣೆಯಿಲ್ಲ, ಸಾಯಿಸುವ ಸೂಜಿಗೆ ಇದೆ. ಇದೇ ನನ್ನ ತಕರಾರು. ಸುತ್ತಿ ಬಳಸಿ ಹೇಳುವ ಕಲೆ ನನಗೆ ಬಾರದು. ಅದಕ್ಕೆ ತಮ್ಮ ಕಚೇರಿಯಿದೆ.

ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಗಿತ್ತು. ನಮ್ಮ ನಾಯಿ ಮೋತ್ಯಾ ಕಬ್ಬು ಹೇರಿದ ಗಾಡಿಯ ತುದಿಗೆ ಹತ್ತಿ, ಸಕ್ಕರೆ ಕಾರ್ಖಾನೆಗೆ ತಾನೇ ಚೇರ್ಮನ್ ಎಂಬಂತೆ ಕೂತಿದ್ದ. ಗಾಡಿ ತಗ್ಗಿಗೆ ಇಳಿಯಿತು, ಚೇರ್ಮನ್ನರು ನೆಲಕ್ಕೆ ಇಳಿದರು. ಬೆನ್ನುಹುರಿಗೆ ಪೆಟ್ಟು ಬಿತ್ತು. ಅಂದಿನಿಂದ ಮುಂದಿನ ಕಾಲುಗಳು ಹೋದಲ್ಲಿಗೆ ಹಿಂದಿನವು ಸುಮ್ಮನೆ ಎಳೆಸಿಕೊಂಡು ಹೋಗುತ್ತವೆ.

ಹೊತ್ತುಕೊಂಡು ತಮ್ಮಲ್ಲಿಗೆ ಬಂದೆವು. ಬಾಗಿಲಲ್ಲೇ ಫಲಕ: 'ಹಾಲು, ಉಣ್ಣೆ, ದುಡಿಮೆ ನೀಡುವ ಜಾನುವಾರುಗಳಿಗೆ ಮಾತ್ರ ಚಿಕಿತ್ಸೆ.' ನಾನು ಓದಿ ಹೇಳಿದ್ದೇ ತಡ, ನನ್ನ ಹೆಂಡತಿ ದುಂಡವ್ವ ಮೋತ್ಯಾನಿಗೆ ಮೂತಿಯವರೆಗೂ ಕಂಬಳಿ ಹೊದಿಸಿ, ಕೇಸ್ ಪೇಪರ್ ಮಾಡುವ ಕಂಪೌಂಡರನ ಮುಂದೆ ಇಟ್ಟು "ಟಗರೈತ್ರಿ" ಎಂದಳು. ಟಗರು ಸುಮ್ಮನಿರಬೇಕಲ್ಲ? ಹೊಸ್ತಿಲಲ್ಲಿ ಬೆಕ್ಕು ಹಾದುಹೋಯಿತು.

"ಅಕ್ಕಾರ, ನಿಮ್ಮ ಟಗರು ಬೊಗಳಾಕತ್ತೈತಲ್ರಿ?"

"ನಾಯಿ ಜೋಡಿ ಬೆಳದೈತ್ರಿ, ಚಟಾ ಹತ್ತೈತಿ," ಎಂದಳು ಮಹಾರಾಯಿತಿ.

ಆಗ ತಾವು ಹೊರಬಂದಿರಿ. ಕಂಬಳಿ ಸರಿಸಿ, ಕೈ ಸೋಕಿಸದೆ ನೋಡಿ, "ಇದು ಏಳೋದಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಮುಗಿಸೋಣ, ಇಲ್ಲಾ ಮಿರಜಿನ ಖಾಸಗಿ ಡಾಕ್ಟರ ಹತ್ತಿರ ಹೋಗಿ" ಎಂದಿರಿ. ಸ್ವಾಮಿ, ಮಿರಜಿನ ಖರ್ಚಿಗೆ ನಮ್ಮ ಒಂದೇ ಎಮ್ಮೆಯನ್ನು ಮಾರಬೇಕು. ಎಮ್ಮೆ ಹೋದರೆ ತಮ್ಮ ದವಾಖಾನೆಯ ಮೆಟ್ಟಿಲು ಹತ್ತುವ ಅರ್ಹತೆಯೂ ಹೋಗುತ್ತದೆ. ಇದು ಯಾವ ಲೆಕ್ಕ? ಸೂಜಿ ಹೆಸರು ಕೇಳಿದವಳೇ ದುಂಡವ್ವ ಮೋತ್ಯಾನನ್ನು ಬಾಚಿಕೊಂಡು ಹೊರಟುಬಿಟ್ಟಳು. ದಾರಿಯುದ್ದಕ್ಕೂ ತಮ್ಮ ಬಗ್ಗೆ ಕನ್ನಡ ಮರಾಠಿ ಎರಡರಲ್ಲೂ ಮಾತಾಡಿದಳು. ಇಲ್ಲಿ ಬರೆಯುವಂಥದ್ದಲ್ಲ.

ನಮ್ಮ ಕಡೆ ತೋಟದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ದ್ರಾಕ್ಷಿ ಚಪ್ಪರದ ತಂತಿಗೆ ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸುವುದನ್ನು ತಾವೂ ನೋಡಿರಬಹುದು. ದುಂಡವ್ವ ಅಂಥದೇ ಜೋಳಿಗೆ ಹೊಲಿದು, ಮೋತ್ಯಾನ ಸೊಂಟಕ್ಕೆ ತೊಡಿಸಿ, ಮೇಲಿನ ತುದಿಯನ್ನು ಬಾಯಿ ತೆರೆದ ಒಂದು ಕಬ್ಬಿಣದ ಬಳೆಗೆ ಕಟ್ಟಿ ನಮ್ಮ ತುಂಡು ತೋಟದ ತಂತಿಗೆ ಸಿಕ್ಕಿಸಿದಳು. ಈಗ ಅವನು ಮುಂಗಾಲಲ್ಲಿ ನಡೆದರೆ ಹಿಂಭಾಗ ತೇಲುತ್ತ ಬರುತ್ತದೆ. ಕಂಬ ಅಡ್ಡ ಬಂದಲ್ಲಿ ನಿಂತು ಒದರುತ್ತಾನೆ. ಯಾರಾದರೂ ಓಡಿಹೋಗಿ ಬಳೆಯನ್ನು ಆಚೆಗೆ ದಾಟಿಸಬೇಕು. ಈ ಚೇರ್ಮನ್ನರಿಗೆ ನಾನೇ ಡ್ರೈವರ್.

ರಾತ್ರಿ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಹೊಟ್ಟೆ ಒತ್ತಿ ಉಚ್ಚೆ ಹೊಯ್ಯಿಸುವುದು ದುಂಡವ್ವನ ಪಾಲು. "ಹೇಸಿಗಿ ಬರಂಗಿಲ್ಲೇನ?" ಎಂದು ಯಾರೋ ಕೇಳಿದ್ದಕ್ಕೆ, "ನಿನ್ನ ಎತ್ತಿ ಆಡಿಸಿದಾಕಿಗೆ ಬಂದಿತ್ತೇನ?" ಎಂದಳು.

ಇನ್ನು ತಮ್ಮ ಫಲಕದ ವಿಷಯ. ದ್ರಾಕ್ಷಿ ಹಣ್ಣಾಗಿವೆ. ಗಿಳಿಗಳ ದಂಡು ಇಳಿದೊಡನೆ ಮೋತ್ಯಾ ತಂತಿಯ ಮೇಲೆ ಬಳೆ ಸರ್ರೆನ್ನಿಸುತ್ತ ನುಗ್ಗುತ್ತಾನೆ. ಆ ಸದ್ದಿಗೂ ಆ ವೇಷಕ್ಕೂ ಹೆದರಿದ ಗಿಳಿಗಳು ಪಕ್ಕದ ತೋಟಕ್ಕೆ ಹೋಗುತ್ತವೆ. ಪಕ್ಕದವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಇದು ದುಡಿಮೆಯಲ್ಲವೇ? ಅರ್ಧ ದೇಹದಿಂದ ಇಷ್ಟು ಕೆಲಸ ಮಾಡುವವರು ತಮ್ಮ ಸಿಬ್ಬಂದಿಯಲ್ಲಿ ಎಷ್ಟು ಜನ?

ಮೊನ್ನೆ ದುಂಡವ್ವ ತವರಿಗೆ ಹೋಗಿ ಬಂದಳು. ಬದುವಿನ ಮೇಲೆ ಅವಳನ್ನು ಕಂಡದ್ದೇ ಮೋತ್ಯಾನ ಬಾಲ ಅಲ್ಲಾಡಿತು. ಅಲ್ಲಾಡಿತು ಎಂದು ನನಗೆ ಅನಿಸಿತು. ಗಾಳಿಯೂ ಇತ್ತು, ಜೋಳಿಗೆಯೂ ತೂಗುತ್ತಿತ್ತು. ಅವಳು ಚೀಲ ಅಲ್ಲೇ ಬಿಟ್ಟು ಓಡಿಬಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಫಲಕ ಕೆಳಗಿಳಿಸಿ, ತಾವೇ ಒಮ್ಮೆ ತೋಟಕ್ಕೆ ಬನ್ನಿ. ಈ ಸಲ ಬೆನ್ನ ಮೇಲೆ ಕೈಯಿಟ್ಟು ನೋಡಿ. ಬಾಲದಲ್ಲಿ ಜೀವ ಬಂದಿದೆಯೋ, ಅದು ಗಾಳಿಯ ಆಟವೋ ಹೇಳಿ. ಬೇಗ ಬನ್ನಿ. "ಖರೇನ ಅಳ್ಳಾಡಿಸಿದ್ನೇನ್ರಿ?" ಎಂದು ಅವಳು ಕೇಳಿದಾಗ ನಾನು ಹೌದು ಎಂದುಬಿಟ್ಟಿದ್ದೇನೆ.

ಇಂತಿ,
ಡಾಕ್ಟರರನ್ನು ಕೇಳದೆ ಹೆಂಡತಿಗೆ ಭರವಸೆ ಕೊಟ್ಟು ಕೂತಿರುವ
ಸತ್ಯಪ್ಪ
ಅಥಣಿ ತಾಲ್ಲೂಕು, ಫೆಬ್ರವರಿ ೧೯೯೨