ಸ್ಟ್ರಾಬೆರಿ ಮಡಿ ಮತ್ತು ಇಜಾಜನ ಪಂಪು

ಡಿಸೆಂಬರ್ 6, ಸಂಜೆ

ಬಿಸಿಲು ಇಳಿದ ಮೇಲೆ ಸ್ಟ್ರಾಬೆರಿ ಮಡಿಗೆ ಮತ್ತೆ ಔಷಧ ಹೊಡೆದೆ. ಎರಡನೇ ಸಲ. ಸೂಡೊಮೊನಾಸ್ ಪುಡಿ ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಸವಣೂರಿನ ದೋಸ್ತ ಇಜಾಜನಿಂದ ಇಸ್ಕೊಂಡು ತಂದ ಪಂಪಿಗೆ ಹಾಕಿ. ಕಣ್ಣಿಗೆ ಕಾಣದ ಜೀವಾಣು ಇರುವ ಪುಡಿಯಂತೆ ಇದು. ಹಣ್ಣಿನ ಮೇಲೆ ಬೂಷ್ಟು ಬೆಳೆಯಗೊಡುವುದಿಲ್ಲವಂತೆ. ಹತ್ತು ದಿನದಿಂದ ಬೂಷ್ಟು ಮಾತ್ರ ಹುಲುಸಾಗಿದೆ. ಬದುವಿನ ಮೇಲೆ ನಿಂತ ಅವ್ವ, ರಾಜಶ್ರೀಗೆ ಕೇಳಿಸಲೆಂದೇ—

"ನಿನ್ನ ಹೆಂಡ್ತಿ ಕಣ್ಣಿಗೆ ಕಾಣದ ಹುಳಾ ಸಾಕಾಕತ್ತಾಳ. ಎಮ್ಮಿ ಸಾಕಿದ್ರ ಹಾಲರ ಕೊಡ್ತಿತ್ತು!"

ಡಿಸೆಂಬರ್ 11

ಇನ್ನೂ ಎರಡು ಸಾಲು ಹೋದವು. ಬುಟ್ಟಿಗೆ ಬರಬೇಕಾದ ಹಣ್ಣು ತಿಪ್ಪೆಗೆ. ತಲೆ ಕೆಟ್ಟು ರಾಜಶ್ರೀಗೆ ಅಂದುಬಿಟ್ಟೆ— "ನಿನ್ನ ಟ್ರೇನಿಂಗ್ ಕಟಗೊಂಡು ಹಾಳಾದ್ವಿ." ಗಿಡದಿಂದ ಕಿತ್ತು ಹಾಗೇ ತಿನ್ನುವ ಹಣ್ಣು, ವಿಷ ಬೇಡ ಅಂದವಳು ಅವಳು. ಈ ದಾರಿ ಕಲಿತು ಬಂದವಳೂ ಅವಳೇ. ಅವಳು ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು, ಅಷ್ಟೇ.

ಅವ್ವನ ತೀರ್ಪು: ಸೋಮವಾರ ಎಲ್ಲ ಕಿತ್ತು ಮೆಂತ್ಯ ಹಾಕುವುದು. "ಇನ್ನ ಆಕಿ ಮಾತು ಈ ಹೊಲದಾಗ ನಡ್ಯಾಂಗಿಲ್ಲ."

ಡಿಸೆಂಬರ್ 14, ಭಾನುವಾರ

ಕೊನೆಯ ಸಲ ಹೊಡೆದು ನೋಡೋಣವೆಂದು ಪಂಪು ತರಲು ಸವಣೂರಿಗೆ ಹೋದೆ. ಇಜಾಜ ಎಲೆಬಳ್ಳಿಗೆ ಔಷಧ ಹೊಡೆಯುತ್ತಿದ್ದ. ಪಂಪಿನ ಬಾಯಿ ತುಂಬ ನೀಲಿ ಗಸಿ. ಮೈಲುತುತ್ತ!

"ಇದ ಪಂಪ್ ಏನೋ ನನಗ ಕೊಟ್ಟಿದ್ದು?"

"ಮತ್ತ ನನ್ನ ಹಂತ್ಯಾಕ ನಾಕ ಅದಾವೇನು, ಪರಮೇಶಣ್ಣ?"

"ತೊಳದು ಕೊಟ್ಟಿದ್ದಿಲ್ಲೇನು?"

"ಇಸ್ಕೊಂಡು ಹೋದಾವ ತೊಳೀಬೇಕು. ದೋಸ್ತಿ ಅಂದ್ರ ಮುಸುರಿನೂ ನಾನ ತಿಕ್ಕಬೇಕೇನು?"

ನಗಲಾಗಲಿಲ್ಲ. ಒಂದು ಸಲವೂ ತೊಳೆದಿಲ್ಲ ನಾನು. ಮೈಲುತುತ್ತ ಪುಡಿಯೊಳಗಿನ ಆ ಜೀವಗಳಿಗೆ ವಿಷ. ಪಂಪಿನೊಳಗೇ ಕೊಂದು, ಹೆಣಗಳನ್ನು ಗಿಡಕ್ಕೆ ಹೊಡೆದಿದ್ದೇನೆ. ಎರಡು ಸಲ. ಹೊಸ ಪಂಪು ತರೋಣ ಅಂದಿದ್ದಳು ರಾಜಶ್ರೀ. ಇಜಾಜನದು ಇರುವಾಗ ಯಾಕೆ ಅಂದವನು ನಾನು...

ಡಿಸೆಂಬರ್ 15, ಸೋಮವಾರ ಬೆಳಿಗ್ಗೆ

ನಿನ್ನೆ ಹೇಳಲಿಲ್ಲ. ಕಟ್ಟೆಯ ಮೇಲೆ ಕುಳಿತರೆ ಊರನ್ನೇ ನಗಿಸುವ ನನ್ನ ಬಾಯಿ— ಮನೆಯಲ್ಲಿ ಒಂದು ಮಾತಿಗೆ ಕಟ್ಟಿಹೋಯಿತು. ಹೇಗೆ ಶುರುಮಾಡಲಿ? ಬರೆದು ಬರೆದು ಹೊಡೆದುಹಾಕಿದೆ. ಇಷ್ಟು ಸಾಕು: "ಅವ್ವಾ, ಆಕೀದು ತಪ್ಪಿಲ್ಲ. ಪಂಪ್ ತೊಳೀದ ಹೊಡದಾವ ನಾನು." ಅರ್ಧ ಮಡಿ ಇನ್ನೂ ಹಸಿರಿದೆ. ಪುಡಿಯ ಒಂದು ಪಾಕೀಟು ಉಳಿದಿದೆ.

ಅಂಗಳದಿಂದ ಅವ್ವ— "ರಾಜಶ್ರೀ, ಬುಟ್ಟಿ ತಗೋ. ನೀನ ಹಚ್ಚಿದ್ದು, ನೀನ ಕೀಳು ಬಾ."

ರಾಜಶ್ರೀ ಚಪ್ಪಲಿ ಮೆಟ್ಟುತ್ತಿದ್ದಾಳೆ. ಪೆನ್ನು ಇಡುತ್ತೇನೆ. ಅವಳು ಹೊಸ್ತಿಲು ದಾಟುವುದರೊಳಗೆ ಅವ್ವನಿಗೆ ಹೇಳಬೇಕು.