ಪುಟ್ಟಿಯ ಬಿಸಿ ಪಾದ

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಬೆಂಚು
ಮಂಗಳವಾರ, ಬೆಳಗ್ಗೆ ಹನ್ನೊಂದು

ಕಾಲು ಮುರಿದುಕೊಂಡು ಮಂಚದಿಂದಲೇ ಮನೆ ಆಳುತ್ತಿರುವ ಅಕ್ಕನಿಗೆ, ತಮ್ಮನ ನಮಸ್ಕಾರ.

ಶನಿವಾರ ನಿನ್ನ ಮೊಮ್ಮಗಳನ್ನು ಈ ಲೋಕಕ್ಕೆ ತಂದದ್ದು ಹೆಚ್ಚುಕಮ್ಮಿ ನಾನೇ. ಡಾಕ್ಟರುಗಳೂ ಪಕ್ಕದಲ್ಲಿದ್ದರು, ಇಲ್ಲ ಅನ್ನಲ್ಲ. ಕೈಲಾದ ಸಹಾಯ ಮಾಡಿದರು. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಪತ್ರ. ತಾಯಿ ಮಗು ಗಟ್ಟಿಯಾಗಿದ್ದಾರೆ. ಈಗ ಉಳಿದದ್ದು ಕೇಳು.

ಅಳಿಯಂದಿರು ರಕ್ತ ಅನ್ನೋ ಪದ ಕೇಳಿಯೇ ಬೆವತರು. ಸಿಸೇರಿಯನ್ನಿಗೆ ಒಳಗೆ ಒಬ್ಬರಿಗೆ ಮಾತ್ರ ಜಾಗ ಅಂದಾಗ ನಾನೇ ಹಸಿರು ಅಂಗಿ ತೊಟ್ಟು ಹೊರಟೆ. ನಮ್ಮ ಪುಟ್ಟಿಗೆ ಹೆರಿಗೆಯ ಭಯವಿರಲಿಲ್ಲ. ಹೋದ ವರ್ಷ ಹಲ್ಲು ಕೀಳಿಸಿದಾಗ ಇಂಜೆಕ್ಷನ್ ಹಿಡಿಯದೆ ಕಿರುಚಿದ್ದಳಲ್ಲ, ಅದೇ ಭಯ. ಬೆನ್ನಿಗೆ ಚುಚ್ಚಿದ್ದು ಹಿಡಿಯದೇ ಹೋದರೆ, ಚಾಕು ಗೊತ್ತಾದರೆ ಏನು ಮಾಡ್ಲಿ ಮಾವ ಅಂತ ದಾರಿಯುದ್ದಕ್ಕೂ ನನ್ನ ಕೈ ಹಿಸುಕಿದಳು.

ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಅರಿವಳಿಕೆ ಡಾಕ್ಟರಮ್ಮ ಅವಳ ಕಾಲ್ಬೆರಳಿಗೊಂದು, ಎದೆಗೊಂದು ಗುಂಡಿಯಂಥದ್ದು ಅಂಟಿಸಿದ್ದರು, ಚರ್ಮದ ಬಿಸಿ ನೋಡಲು. ಇನ್ನೇನು ಕಾಲು ಬೆಚ್ಚಗಾಗುತ್ತೆ ನೋಡ್ತಿರಿ ಅಂದಳು ನರ್ಸಮ್ಮ. ನನ್ನ ಹತ್ತಿರವಾ! ಮೂವತ್ತು ವರ್ಷ ಬೇಕರಿ ಒಲೆ ಮುಂದೆ ನಿಂತವನು, ಅಂಗೈ ಚಾಚಿದರೆ ಶಾಖ ಹೇಳುವವನು. ಮರಗಟ್ಟಿದ್ದು ತಣ್ಣಗಾಗುತ್ತೆ ತಾಯಿ, ಬಿಸಿಯಾಗಲ್ಲ, ಬಾಜಿ ಕಟ್ತೀರಾ ಅಂದೆ. ಕಟ್ಟಿದಳು, ಹೆಣ್ಣು!

ಐದು ನಿಮಿಷ ಆಗಿರಬಹುದು. ಪುಟ್ಟಿಯ ಹಲ್ಲು ಕಟಕಟ ಅನ್ನತೊಡಗಿತು. ಕೈ ಮಂಜುಗಡ್ಡೆ. ನಾನು ಮೆಲ್ಲಗೆ ಎದ್ದು ಹೋಗಿ ಪಾದ ಹಿಡಿದೆ. ಅಕ್ಕಾ, ಸುಡುತ್ತಿತ್ತು! ಬಾಜಿ ಸೋತೆ ಅಂತ ಯಾರಿಗೆ ಹೊಳೆಯಬೇಕು? ಇಂಜೆಕ್ಷನ್ನೇ ಹಿಡಿದಿಲ್ಲ ಅಂತ ಹೊಳೆಯಿತು. ನಿಲ್ಲಿಸ್ರಪ್ಪೋ, ಕಾಲಿಗೆ ಇನ್ನೂ ಜೀವ ಇದೆ, ಕುಯ್ಯಬೇಡಿ ಅಂತ ಕೂಗಿಬಿಟ್ಟೆ.

ಅದು ಪುಟ್ಟಿಯ ಕಿವಿಗೆ ಬಿತ್ತು. ಬೇಡ, ನನ್ನನ್ನು ಇಳಿಸಿ, ಮನೆಗೆ ಹೋಗ್ತೀನಿ ಅಂತ ಅಳು. ಇಳಿಯಲು ಕಾಲೇ ಏಳುತ್ತಿಲ್ಲ, ಅದೂ ಅವಳಿಗೆ ಗೊತ್ತಿಲ್ಲ. ಚಾಕು ಹಿಡಿದ ದೊಡ್ಡ ಡಾಕ್ಟರು ನನ್ನ ಕಡೆ ನೋಡಿದ ನೋಟಕ್ಕೆ ಹಸಿ ಹಿಟ್ಟೂ ಬೆಂದುಹೋಗುತ್ತಿತ್ತು.

ಡಾಕ್ಟರಮ್ಮ ಮಾತ್ರ ನಕ್ಕರು. ಔಷಧಿ ಸೊಂಟದ ಕೆಳಗಿನ ರಕ್ತನಾಳಗಳನ್ನು ಸಡಿಲ ಬಿಡುತ್ತೆ, ಒಳಗಿನ ಬಿಸಿ ರಕ್ತ ಪಾದದ ಚರ್ಮಕ್ಕೆ ಇಳಿಯುತ್ತೆ, ಬಿಸಿಯಾಯ್ತು ಅಂದರೆ ಹಿಡೀತು ಅಂತಲೇ ಲೆಕ್ಕ ಅಂದರು. ಇಪ್ಪತ್ತೊಂಬತ್ತು ಡಿಗ್ರಿ ಇದ್ದದ್ದು ಮೂವತ್ತನಾಲ್ಕಾಗಿದೆ ಅಂತ ಪರದೆ ತೋರಿಸಿದರು. ಮೈಯ ಶಾಖ ಹಾಗೆ ಕೆಳಗೆ ಸೋರಿಹೋಗೋದಕ್ಕೇ ಮೇಲೆ ನಡುಕವಂತೆ. ಬಿಸಿ ಗಾಳಿಯ ಹೊದಿಕೆ ಹೊದಿಸಿದರು. ಹೊಟ್ಟೆಗೆ ಐಸ್ ಇಟ್ಟು ತಣ್ಣಗಿದ್ಯಾ ಅಂದರೆ, ಇಟ್ಟಿದ್ದೀರಾ ಅಂತ ಇವಳೇ ಕೇಳಿದಳು.

ಆದರೂ ಹುಡುಗಿಗೆ ನಂಬಿಕೆ ಬರಲಿಲ್ಲ. ನನಗೆ ನಂಬರು ಗಿಂಬರು ಬೇಡ, ಮಾವ, ನೀನು ಹೇಳು, ನನ್ನ ಕಾಲು ನಿಜವಾಗ್ಲೂ ಬಿಸಿಯಾಗಿದ್ಯಾ ಅಂದಳು. ಅಕ್ಕಾ, ಅಷ್ಟು ಹೊತ್ತಿನಿಂದ ಅವಳ ಎರಡೂ ಪಾದ ನನ್ನ ಕೈಯಲ್ಲಿದ್ದವು. ಗಟ್ಟಿಯಾಗಿ ಹಿಡಿದಿದ್ದೆ, ಅವಳಿಗೆ ತಿಳಿದೇ ಇರಲಿಲ್ಲ. ಒಲೆಯಿಂದ ಈಗ ತಾನೇ ತೆಗೆದ ಬನ್ ಕಣೇ, ನನ್ನ ಶಾಸ್ತ್ರ ತಪ್ಪು, ಡಾಕ್ಟರಮ್ಮ ಸರಿ ಅಂದೆ. ಹುಟ್ಟಿದಾಗಿನಿಂದ ನಾನು ತಪ್ಪು ಒಪ್ಪಿದ್ದನ್ನು ಅವಳು ಕೇಳಿರಲಿಲ್ಲವಲ್ಲ, ಹಾಗಾದ್ರೆ ಹಿಡಿದೇ ಇರಬೇಕು, ಶುರು ಮಾಡಿ ಅಂದುಬಿಟ್ಟಳು!

ನನ್ನ ಕೈಬಿಡಿಸಿ ಅವಳ ತಲೆಯ ಹತ್ತಿರ ಕೂರಿಸಿದರು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಅಮ್ಮನ ಎದೆ ಮೇಲೆ ಇಟ್ಟು, ಇಬ್ಬರನ್ನೂ ಸೇರಿಸಿ ಹೊದಿಸಿದರು. ಪುಟ್ಟಿಯ ನಡುಕ ನಿಂತೇ ಹೋಯಿತು. ನನ್ನದು ನಿಲ್ಲಲು ಮಧ್ಯಾಹ್ನವಾಯಿತು, ಅದು ಎ.ಸಿ.ಯಿಂದ.

ನಾಳೆ ಮೂವರೂ ಬರ್ತೀವಿ. ಏಳಬೇಡ, ಮಲಗಿರು.

ನಿನ್ನ ಒಬ್ಬನೇ ತಮ್ಮ,
ಶಾಖಪಂಡಿತ

ಮರೆತಿದ್ದೆ: ಬಾಜಿ ಒಂದು ಡಜನ್ ಬನ್ ಅಂತ ಫೋನಿನಲ್ಲಿ ಹೇಳಿದ್ದೆ. ನಿಜವಾಗಿ ಕಟ್ಟಿದ್ದು, ಪುಟ್ಟಿ ಮನೆಗೆ ಹೋಗುವವರೆಗೆ ಈ ಮಹಡಿಯವರಿಗೆಲ್ಲ ದಿನಾ ಒಂದೊಂದು. ಮಹಡಿ ಅಂದರೆ ಹತ್ತು ಜನ ಅಂದುಕೊಂಡಿದ್ದೆ, ನೂರ ಅರವತ್ತು ಇದ್ದಾರೆ. ಇವತ್ತಿಗೆ ನಾಲ್ಕು ದಿನ, ಒಟ್ಟು ಆರುನೂರ ನಲವತ್ತು. ಒಂದು ಮೂಟೆ ಮೈದಾ ಕಾಣೆ ಅಂತ ಅಂಗಡಿ ಹುಡುಗರನ್ನು ಬೈಯಬೇಡ, ಪಾಪ.