ನಿಂತ ಪ್ರೊಪೆಲ್ಲರ್

ಡೆಸ್ಮಂಡ್,

ನಿನ್ನ ಮೋರಿನ್ ಇವತ್ತು ಹ್ಯಾಂಗರ್‌ಗೆ ಬಂದು, ನಿನ್ನ ಶವಪೆಟ್ಟಿಗೆಯ ಮೇಲಿಡಲು ನೀನು ಬೀಳುವ ಮುನ್ನ ನಾನು ಪಕ್ಕದ ವಿಮಾನದಿಂದ ತೆಗೆದ ಕೊನೆಯ ಚಿತ್ರವನ್ನೇ ಆರಿಸಿದಳು. ಮೋಡದ ಮೇಲೆ ನಿನ್ನ ಸ್ಪಿಟ್‌ಫೈರ್ ವಿಮಾನ. ಗಾಜಿನೊಳಗೆ ನೀನು ಕೈ ಎತ್ತಿದ್ದೀಯ.

"ನಿಂಗೆ ಟಾಟಾ ಮಾಡ್ತಿದಾನೆ ನೋಡು," ಎಂದಳು.

ಆ ಯುದ್ಧಕಾಲದ ಎಂಜಿನ್ನಿಗೆ ಮತ್ತೆ ಜೀವ ಕೊಟ್ಟ ವಿಲ್ಫ್ ಇಣುಕಿದ. "ಏನಯ್ಯಾ, ಶಟರ್ ಸ್ಪೀಡು ಇಷ್ಟು ಜಾಸ್ತಿ ಇಟ್ಟಿದೀಯ? ಪ್ರೊಪೆಲ್ಲರ್ ತಿರುಗೋದೇ ಕಾಣಲ್ಲ. ಗೊಂಬೆ ವಿಮಾನ ಆಯ್ತು."

"ಅವಸರದಲ್ಲಿ ತಪ್ಪಾಯ್ತು," ಎಂದೆ.

ಶಟರನ್ನು ಎಂದಿನಂತೆ ನಿಧಾನಕ್ಕೇ ಇಟ್ಟಿದ್ದೆ. ಹಿಂದಿನ ಚಿತ್ರಗಳಲ್ಲೆಲ್ಲ ಪ್ರೊಪೆಲ್ಲರ್ ಮಂಜಿನ ಚಕ್ರದಂತಿದೆ. ಇದೊಂದರಲ್ಲಿ ಮಾತ್ರ ಅದು ನಿಂತಿದೆ.

ಇದನ್ನು ವಿಲ್ಫ್‌ಗೆ ಹೇಳಲಾರೆ. ಮೋರಿನ್ನಿಗೂ ಹೇಳಲಾರೆ. ಆಗ ನಾನೂ ನೀನು ಎತ್ತಿದ ಕೈಯನ್ನು ಟಾಟಾ ಎಂದೇ ತಿಳಿದು, ನಗುತ್ತಾ ನಿನಗೆ ಮರಳಿ ಕೈಬೀಸಿದ್ದೆ.